ಗೋಡೆಗೇರಿದ ಬಿಲ್ಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸುಶಿಕ್ಷಿತರ ಮನೆಗಳಲ್ಲಿ ಈಚೆಗೆ ಹೊಸದೊಂದು ಶೋಕಿ ಹುಟ್ಟಿರುವದು. ಉಣ್ಣೆ ಹಿಂಜುವ ಬಿಲ್ಲು, ನೂಲುವ ಕದಿರು, ಕುಣಿಮಗ್ಗದ ಲಾಳಿ ಇವುಗಳನ್ನು ಬಯಲುಸೀಮೆಯಿಂದ ಕೊಂಡು ತಂದು, ಎಣ್ಣೆಯೊರೆಸಿ, ಜಗಲಿಯ ಗೋಡೆಗೆ ತೂಗಹಾಕುವದು. ಬಂದ ಅತಿಥಿಗಳಿಗೆ ಪುರಾತನ ವಸ್ತುಗಳೆಂದು ತೋರಿಸುವದು. ಅದೇ ಜಗಲಿಯ ಗೂಟದಲ್ಲಿ ಮಳೆಗಾಲವಿಡೀ ತೂಗುತ್ತಿದ್ದ ಕಂಬಳಿಕೊಪ್ಪೆ ಮಾತ್ರ ಮಾಯವಾಗಿದೆ. ಅಲ್ಲಿ ಈಗ ಪ್ಲಾಸ್ಟಿಕ್ಕಿನ ಹಾಳೆ!

ಮಲೆನಾಡು ಕುರಿಯ ನಾಡಲ್ಲ. ಕಂಬಳಿ ಬರುತ್ತಿದ್ದುದು ಬಯಲುಸೀಮೆಯ ಕುರುಬರ ಮಗ್ಗಗಳಿಂದ, ರಾಣೇಬೆನ್ನೂರ ತಾಲೂಕಿನ ಮೇಡ್ಲೇರಿಯಂಥ ಊರುಗಳಿಂದ. ಮಲೆನಾಡು ಅದಕ್ಕೆ ನೆಚ್ಚಿನ ಗಿರಾಕಿಯಾಗಿತ್ತು. ಆ ಗಿರಾಕಿಯೇ ಈಗ ಬಟ್ಟೆಯನ್ನು ಬಿಟ್ಟು ಬಟ್ಟೆ ಮಾಡುವ ಸಾಧನವನ್ನು ಕೊಳ್ಳುತ್ತಿರುವನು.

ಇವುಗಳನ್ನು ಪುರಾತನವೆಂದವರು ಯಾರು? ದಖ್ಖನಿ ಕುರಿಯ ಉಣ್ಣೆ ಒರಟು, ಗಿಡ್ಡ, ಕೂದಲು ಬೆರೆತದ್ದು. ನಯವಾದ ನೀಳ ಉಣ್ಣೆಗಾಗಿ ಹುಟ್ಟಿದ ಗಿರಣಿಯ ಯಂತ್ರಕ್ಕೆ ಅದು ಒಗ್ಗದು. ಬಿಲ್ಲಿನ ನರದ ಹುರಿ ಮಿಡಿದಾಗಲೇ ಅದರ ಗಂಟು ಬಿಡಿಸಿ ಎಳೆ ಹಗುರಾಗುವದು. ಹೆಂಗಸರು ಅದನ್ನು ನೂಲುವರು. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಕಟ್ಟಿ, ಹುಣಸೇಬೀಜದ ಸರಿಯನ್ನು ಕುಂಚದಿಂದ ತೀಡಿ ಬಿಸಿಲಿಗೆ ಒಣಗಿಸುವರು. ಆ ಬಿಗುವಿಲ್ಲದೆ ಒರಟು ನೂಲು ಮಗ್ಗದ ಪೆಟ್ಟನ್ನು ತಾಳದು. ಆ ಸಾಧನಗಳು ಯಂತ್ರಕ್ಕಿಂತ ಹಿಂದಿನವೆಂಬುದು ನಿಜ. ಈ ಉಣ್ಣೆಯ ಮಟ್ಟಿಗೆ ಯಂತ್ರಕ್ಕಿಂತ ಕೀಳೆಂಬುದು ಸುಳ್ಳು.

ಕಟ್ಟಿಗೆಗೆ ಹೋಗುತ್ತಿದ್ದುದನ್ನು ಕಾಯ್ದಿಟ್ಟೆವಲ್ಲ ಎಂದು ಕೆಲವರು ವಾದಿಸುವರು. ಹುರಿಯನ್ನು ಎಷ್ಟು ಬಿಗಿಯಬೇಕು, ಮೋಡದ ದಿನ ಸರಿ ಎಷ್ಟು ದಪ್ಪವಿರಬೇಕು ಎಂಬುದನ್ನು ಗೋಡೆಯ ಮೇಲಿನ ಮರ ಹೇಳುವದೇ? ಒಲೆ ಆರಿದ ಮನೆಯ ಸೌಟನ್ನು ಎತ್ತಿಟ್ಟವನು ಅಡಿಗೆಯನ್ನು ಉಳಿಸಿದನೆನ್ನುವದುಂಟೇ?

ಕಂಬಳಿ ಚುಚ್ಚುವದು, ನೆನೆದರೆ ಭಾರವಾಗುವದು, ಎಂಬ ಆಕ್ಷೇಪವಿದೆ. ಒಪ್ಪತಕ್ಕದ್ದೇ. ಆದರೆ ನೆನೆದ ಮೇಲೂ ಬೆಚ್ಚಗಿಡುವ ಗುಣ ಪ್ಲಾಸ್ಟಿಕ್ಕಿಗಿಲ್ಲ. ಹಳೆಬಟ್ಟೆಯ ಚಿಂದಿಯನ್ನು ಮರುನೂತು ಪಾಣಿಪತದಲ್ಲಿ ನೆಯ್ದ ಅಗ್ಗದ ಹೊದಿಕೆ ಅಗ್ಗವೆಂಬುದೊಂದೇ ಅದರ ಗುಣ. ಅತ್ತ ಬಯಲುಸೀಮೆಯಲ್ಲಿ ಕೊಳ್ಳುವವರಿಲ್ಲದೆ, ಕತ್ತರಿಸಿದ ಕೂಲಿಯೂ ಹುಟ್ಟದೆ, ಕುರಿಗಾರರು ಉಣ್ಣೆಯನ್ನು ಚೆಲ್ಲುತ್ತಿದ್ದಾರೆ. ಮಾಂಸಕ್ಕಷ್ಟೇ ಆಗುವ, ಉಣ್ಣೆಯಿಲ್ಲದ ತಳಿಗಳತ್ತ ತಿರುಗುತ್ತಿದ್ದಾರೆ. ಆ ಕರಿಯ ಕುರಿ ಹೋದರೆ ಬಿಲ್ಲು ನಿಜವಾಗಿಯೂ ಪುರಾತನವಾಗುವದು.

ಗಿರಾಕಿಯ ನಂಬಿಕೆಯಿಲ್ಲದ ಬೆಳೆಗಾರನ ಪಾಡು ಏನೆಂಬುದನ್ನು ಶಿರಸಿಗೆ ಯಾರೂ ಕಲಿಸಬೇಕಾಗಿಲ್ಲ. ಅಡಿಕೆಗೆ ನ್ಯಾಯವಾದ ಬೆಲೆಗಾಗಿ ಇಲ್ಲಿಯ ತೋಟಿಗರು 1923ರಲ್ಲಿಯೇ ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಊರೂರಿಗೆ ಕೂಡಿ, ಮಳೆಗಾಲದ ನಾಲ್ಕು ತಿಂಗಳು ಮುಂಚೆ, ಮನೆಗೊಂದು ಕಂಬಳಿಯಂತೆ ನೇಕಾರರಿಗೆ ಮುಂಗಡ ಕಳುಹಿಸುವದು ಅಸಾಧ್ಯವೇ? ಗೋಡೆಯ ಬಿಲ್ಲಿಗೆ ಕೊಟ್ಟ ಹಣದ ಒಂದಂಶವಾದರೂ ಅದಕ್ಕೆ ಸಾಲುವದು. ಬಿಲ್ಲನ್ನೂ ಇಳಿಸಿ ಜೊತೆಗೆ ಕಳುಹಿಸಿದರೆ, ಹೊಸ ಹುರಿ ಕಟ್ಟಿಕೊಳ್ಳಬಲ್ಲವರು ಮೇಡ್ಲೇರಿಯ ಕಡೆ ಇನ್ನೂ ಇದ್ದಾರೆ.