ತಪ್ಪು ಆರೋಪ ಹೊರಿಸಿದಾಕಿ ಹೊರಗ ಕೂಡಬೇಕು

ಸೂಟಿಯೊಳಗ ನಮ್ಮನಿಗೆ ಬಂದು ಕ್ಲೂಡೊ ಆಡಿದವರಿಗೆ ನೆನಪಿರಬೇಕು, ಕಡೀ ದಿನ ನಾ ಆಟದ ನಡುವನ ಎದ್ದು ಅಡಗಿಮನಿಗೆ ಹೋದೆ. ಚಹಾಕ್ಕಿಡ್ಲಿಕ್ಕೆ ಹೋದಳು ಅಂತ ನೀವು ತಿಳಕೊಂಡ್ರಿ. ಖರೆ ಹೇಳತೇನಿ, ಸಿಟ್ಟು ಬಂದು ಹೋದದ್ದು. "ಐವತ್ತು ದಾಟ್ಯಾವ, ಹುಡುಗೂರ ಆಟಕ್ಕ ಮಾರಿ ಊದಿಸ್ಕೊಂಡು ಹೋದಳು ನೋಡ್ರಿ" ಅಂತ ನಮ್ಮ ನಾದಿನಿ ಅಂದದ್ದೂ ನನಗ ಕೇಳಿಸೇದ. ಪಡಸಾಲಿಗೂ ಅಡಗಿಮನಿಗೂ ನಡುವ ಇರೂದು ಒಂದ ಪಡದಾ. ಮನಿಗೆ ಬಂದ ಮಂದಿ ಮುಂದ ಜಗಳ ಯಾಕ ಅಂತ ಆವತ್ತು ಬಾಯಿ ಬಿಡಲಿಲ್ಲ. ಈಗ ಬರದು ಹೇಳತೇನಿ.

ಜಗಳದ ಮೂಲ ಇಷ್ಟ. ಆ ಆಟದಾಗ "ಇಂಥವರ ಖೂನಿ ಮಾಡ್ಯಾರ" ಅಂತ ಆರೋಪ ಹೊರಿಸಿ, ಅದು ತಪ್ಪಾತು ಅಂದ್ರ ಹೊರಿಸಿದವರು ಆಟದಿಂದ ಹೊರಗ. ನೀವೆಲ್ಲಾ ಕೂಡಿ ಆ ನಿಯಮಾನ ತಗದು ಹಾಕಿದ್ರಿ. "ಹೋಗ್ಲಿ ಬಿಡ್ರಿ, ಸಣ್ಣವರು ಅದಾರ, ಇನ್ನೊಮ್ಮೆ ಹೇಳ್ಲಿ" ಅಂತ ಸುರು ಆತು, ಆಮ್ಯಾಲೆ ದೊಡ್ಡವರೂ ಅದನ್ನ ಹಿಡಕೊಂಡ್ರು. ಲಕೋಟಿ ನೋಡಿ ಹೌದು, ಅಲ್ಲ ಅಂತ ಹೇಳ್ಲಿಕ್ಕೆ ಆಡದ ಕೂತಿದ್ದ ನಮ್ಮನಿಯವರನ್ನ ನೇಮಿಸಿದ್ರಿ. ಒಂದ ಆಟದಾಗ ವೈನಿ ನಾಕು ಸಲ ತಪ್ಪು ಆರೋಪ ಹೊರಿಸಿದ್ರು, ಐದನೇದು ಸರಿ ಬಂತು. ಎಲ್ಲಾರೂ ಚಪ್ಪಾಳಿ! ವೈನಿ ಮ್ಯಾಲೆ ನನಗ ಸಿಟ್ಟಿಲ್ಲ, ಆದ್ರ ಅದಕ್ಕ ನಾ ಗೆಲುವು ಅನ್ನೂದಿಲ್ಲ. ಲಾಟರಿ ಅಂತೇನಿ.

ಆವತ್ತು ಇಲ್ಲದವರ ಸಲುವಾಗಿ ಆಟ ಹೇಂಗ ಅಂತ ಮೊದಲು ಹೇಳತೇನಿ. ಇಂಗ್ಲೆಂಡಿನ ಒಂದು ದೊಡ್ಡ ಬಂಗಲೆ. ಅದರಾಗ ಡಾಕ್ಟರ್ ಬ್ಲ್ಯಾಕ್ ಅನ್ನೋ ಯಜಮಾನನ ಖೂನಿ ಆಗೇದ. ಯಾರು ಮಾಡಿದ್ರು, ಯಾತರಲೆ ಮಾಡಿದ್ರು, ಯಾವ ಖೋಲಿಯೊಳಗ ಮಾಡಿದ್ರು, ಈ ಮೂರು ಪತ್ತೆ ಹಚ್ಚಬೇಕು. ಸಂಶೇ ಇದ್ದವರು 6 ಮಂದಿ, ಹತ್ಯಾರ 6, ಖೋಲಿ 9, ಒಟ್ಟು 21 ಎಲಿ. ಮೂರೂ ಗುಂಪು ಬ್ಯಾರೆ ಬ್ಯಾರೆ ಕಲಿಸಿ, ಒಂದೊಂದು ಗುಂಪಿನಿಂದ ಒಂದೊಂದು ಎಲಿ ಯಾರೂ ನೋಡದಂಗ ಲಕೋಟಿಯೊಳಗ ಹಾಕಬೇಕು. ಉತ್ತರಾ ಅಂದ್ರ ಅದ. ಉಳದ 18 ಎಲಿ ಆಡೋರಿಗೆಲ್ಲಾ ಹಂಚೂದು. ನಾಕು ಮಂದಿ ಕೂತ್ರ ಇಬ್ಬರಿಗೆ ಐದೈದು, ಇಬ್ಬರಿಗೆ ನಾಕ್ನಾಕು ಬರತಾವ. ನಿಮ್ಮ ಕೈಯಾಗ ಬಂದ ಎಲಿ ಲಕೋಟಿಯೊಳಗ ಇರಲಿಕ್ಕೆ ಸಾಧ್ಯ ಇಲ್ಲ. ಇಡೀ ಆಟ ನಿಂತದ್ದು ಇದೊಂದು ಮಾತಿನ ಮ್ಯಾಲೆ.

ದಾಳ ಒಗದು, ಕಾಯಿ ನಡಿಸಿ, ಒಂದು ಖೋಲಿ ಒಳಗ ಹೋಗಬೇಕು. ನಾಕು ಮೂಲಿಯ ಖೋಲಿಗೆ ಕಳ್ಳ ಹಾದಿ ಅವ. ಅಡಗಿಮನಿಯಿಂದ ಸೀದಾ ಎದುರು ಮೂಲಿ ಓದೂ ಖೋಲಿಗೆ ದಾಳ ಒಗೀದನ ಹೋಗಬಹುದು. (ಅಡಗಿಮನಿಯಿಂದ ಕಳ್ಳ ಹಾದಿ ಇಟ್ಟವರಿಗೆ ನನ್ನ ನಮಸ್ಕಾರ.) ಖೋಲಿ ಒಳಗ ಹೋದ ಮ್ಯಾಲೆ ಸಂಶೇ ಹೇಳಬೇಕು: "ಕರ್ನಲ್ ಮಸ್ಟರ್ಡ್, ಹಗ್ಗದಲೆ, ಈ ಅಡಗಿಮನಿಯೊಳಗ". ಮನುಷ್ಯಾ, ಹತ್ಯಾರ ಯಾವುದರ ಹೇಳ್ರಿ, ಖೋಲಿ ಮಾತ್ರ ನೀವು ನಿಂತದ್ದ ಆಗಬೇಕು. ಹೆಸರು ಹೇಳಿದವರ ಕಾಯಿ, ಹತ್ಯಾರ ಎರಡನ್ನೂ ಅಲ್ಲೆ ತಂದಿಡಬೇಕು. ಆಮ್ಯಾಲೆ ನಿಮ್ಮ ಎಡಕ್ಕ ಕೂತವರ ಕೈಯಾಗ ಆ ಮೂರರಾಗ ಯಾವುದರ ಇದ್ರ ನಿಮಗೊಬ್ಬರಿಗೇ ತೋರಿಸಬೇಕು. ಎರಡಿದ್ರೂ ತೋರಸೂದು ಒಂದ. ಅವರ ಕಡೆ ಇಲ್ಲಂದ್ರ ಅವರ ಮುಂದಿನವರು. ಯಾರರೆ ಒಬ್ಬರು ತೋರಿಸಿದ್ರು ಅಂದ್ರ ಅಲ್ಲಿಗೆ ನಿಂತಿತು.

ಇಲ್ಲೇ ನೋಡ್ರಿ, ಸಂಶೇ ಬ್ಯಾರೆ, ಆರೋಪ ಬ್ಯಾರೆ. ಸಂಶೇ ಪ್ರತಿ ಪಾಳಿಗೂ ಹೇಳಬಹುದು, ಅದಕ್ಕ ದಂಡ ಇಲ್ಲ, ಯಾಕಂದ್ರ ಅದು ಕೇಳೂ ರೀತಿ. ಆರೋಪ ಇಡೀ ಆಟಕ್ಕ ಒಂದ ಸಲ. ಹೊರಿಸಿದವರು ತಾವ ಲಕೋಟಿ ತಗದು ತಾವೊಬ್ಬರ ನೋಡಬೇಕು. ಸರಿ ಇದ್ರ ಎಲ್ಲಾರ ಮುಂದ ಇಟ್ಟು ಗೆದ್ರು. ತಪ್ಪಿದ್ರ ಎಲಿ ತಿರುಗಿ ಒಳಗಿಟ್ಟು ಬಾಯಿ ಮುಚ್ಚಿಕೊಂಡು ಕೂಡಬೇಕು. ಎದ್ದು ಹೋಗೂಹಂಗೂ ಇಲ್ಲ! ದಾಳ ಒಗಿಯೂದಿಲ್ಲ, ಸಂಶೇ ಕೇಳೂದಿಲ್ಲ, ಆದ್ರ ಉಳದವರು ಕೇಳಿದಾಗೆಲ್ಲಾ ತಮ್ಮ ಕೈಯಾಗಿನ ಎಲಿ ಖರೆ ಖರೆ ತೋರಿಸಬೇಕು. ಉತ್ತರಾ ಗೊತ್ತಿದ್ದೂ ಸುಮ್ಮನ ಕೂತು ಬ್ಯಾರೆಯವರಿಗೆ ಸಾಕ್ಷಿ ಹೇಳೂದು. ನೀವು ತಗದು ಹಾಕಿದ್ದು ಇದನ್ನ.

ಈ ಆಟ ಕಟ್ಟಿದವರು ಬರ್ಮಿಂಗ್‌ಹ್ಯಾಮಿನ ಆಂಥನಿ ಪ್ರ್ಯಾಟ್ ಅನ್ನವರು, ಎರಡನೇ ಮಹಾಯುದ್ಧದ ಕಾಲದಾಗ. 1944ರಾಗ ಪೇಟೆಂಟಿಗೆ ಅರ್ಜಿ ಹಾಕಿದ್ರು, 1949ರಾಗ ವ್ಯಾಡಿಂಗ್ಟನ್ಸ್ ಕಂಪನಿ ಅದನ್ನ ಮಾರಾಟಕ್ಕ ತಂತು. ಬೋರ್ಡಿನ ನಕಾಶಿ ಮಾಡಿದಾಕಿ ಅವರ ಹೆಂಡತಿ ಎಲ್ವಾ. ನಮ್ಮ ಡಬ್ಬಿ ಮ್ಯಾಲೆ ಆಕಿ ಹೆಸರು ಹುಡುಕಿದೆ, ಇಲ್ಲ.

ಈಗ ಲೆಕ್ಕಕ್ಕ ಬರೋಣ. 6 ಮಂದಿ, 6 ಹತ್ಯಾರ, 9 ಖೋಲಿ ಗುಣಿಸಿದ್ರ 324 ಉತ್ತರಾ ಸಾಧ್ಯ ಅವ. ನನ್ನ ಕೈಯಾಗ ಇಬ್ಬರು ಮಂದಿ, ಒಂದು ಹತ್ಯಾರ, ಎರಡು ಖೋಲಿ ಬಂದವು ಅನ್ರಿ. ಉಳದದ್ದು 4, 5, 7 ಗುಣಿಸಿದ್ರ 140. ಈ 140ರಿಂದ ಒಂದಕ್ಕ ಬರೂದು ಹೇಂಗ? ನಿಮ್ಮ ಪಾಳಿಯೊಳಗ ಎಲಿ ನೋಡೂದರಿಂದ ಅಷ್ಟ ಅಂತ ನೀವು ತಿಳಕೊಂಡೀರಿ. ನಾಕು ಮಂದಿ ಆಡುವಾಗ ನಿಮ್ಮ ಪಾಳಿ ನಾಕರಾಗ ಒಂದು. ಉಳದ ಮೂರು ಪಾಳಿ ನಡದಾಗ ನೀವೇನು ಮಾಡಿದ್ರಿ? ಒಬ್ಬರು ಫೋನು, ಒಬ್ಬರು ಚುರುಮುರಿ, ಒಬ್ಬರು "ಕುಕ್ಕರ್ ಎಷ್ಟು ಸೀಟಿ ಹೊಡೀತು?" ಆಟ ಇರೂದ ಆ ಮೂರು ಪಾಳಿಯೊಳಗ.

ಒಂದು ಉದಾಹರಣಿ. ನಾದಿನಿ ಕೇಳತಾಳ: ಪ್ರೊಫೆಸರ್ ಪ್ಲಮ್, ಮೇಣಬತ್ತಿ ಕಂಬ, ಗ್ರಂಥಾಲಯ. ಆಕಿ ಎಡಕ್ಕ ಕೂತ ವೈನಿ "ನನ್ನ ಕಡೆ ಇಲ್ಲ" ಅಂತಾರ. ಅವರ ಮುಂದ ಕೂತ ನಮ್ಮ ಸೊಸಿ ಒಂದು ಎಲಿ ತೋರಸ್ತಾಳ. ಯಾವುದು ಅಂತ ನನಗ ಕಾಣೂದಿಲ್ಲ. ಆದ್ರೂ ನನ್ನ ಹಾಳಿಯೊಳಗ ಎಷ್ಟು ಬರಕೊಳ್ಳೂದದ ನೋಡ್ರಿ. ವೈನಿ ಹೆಸರಿನ ಕೆಳಗ ಮೂರಕ್ಕೂ ಗುಣಾಕಾರದ ಗುರುತು, ಅವರ ಕಡೆ ಮೂರೂ ಇಲ್ಲ. "ಇಲ್ಲ" ಅನ್ನೂ ಮಾತಿಗೆ ನೀವು ಕಿಮ್ಮತ್ತ ಕೊಡೂದಿಲ್ಲ, ಅದರಷ್ಟು ಗಟ್ಟಿ ಮಾತು ಈ ಆಟದಾಗ ಬ್ಯಾರೆ ಯಾವುದೂ ಇಲ್ಲ. ಸೊಸಿ ಹೆಸರಿನ ಕೆಳಗ ಮೂರಕ್ಕೂ ಒಂದೊಂದು ಚುಕ್ಕಿ, ಮೂರರಾಗ ಒಂದಂತೂ ಆಕಿ ಕಡೆ ಅದ. ಪ್ಲಮ್ ನನ್ನ ಕೈಯಾಗ ಅದಾನ, ಅಂದ ಮ್ಯಾಲೆ ಆ ಚುಕ್ಕಿ ಹೋತು. ಎರಡು ಸುತ್ತು ಆದ ಮ್ಯಾಲೆ ನಾ ಕೇಳಿದಾಗ ನಾದಿನಿ ನನಗ ಗ್ರಂಥಾಲಯದ ಎಲಿ ತೋರಸ್ತಾಳ. ಅಂದ್ರ ಆಕಿ ತನ್ನ ಕೈಯಾಗಿನ ಖೋಲಿನ ಸೇರಿಸಿ ಕೇಳಿದ್ದಳು! ಅದು ಮೋಸ ಅಲ್ಲ, ನಿಯಮದೊಳಗ ಅದ, ಶಾಣ್ಯಾಕೀನ ಅದಾಳ. ಆದ್ರ ಆಕಿ ಶಾಣ್ಯಾತನ ನನಗೂ ಉಪಯೋಗ ಬಂತು. ಸೊಸಿ ಆವತ್ತು ತೋರಿಸಿದ್ದು ಮೇಣಬತ್ತಿ ಕಂಬನ, ಬ್ಯಾರೆ ಇರಲಿಕ್ಕೆ ಸಾಧ್ಯ ಇಲ್ಲ. ನನಗ ಯಾರೂ ತೋರಿಸಲಿಲ್ಲ, ಯಾರೂ ಹೇಳಲಿಲ್ಲ. ಕೇಳಿಸಿಕೊಂಡೆ, ಬರಕೊಂಡೆ.

ಇಷ್ಟು ಗೊತ್ತಾಗಬೇಕಾದ್ರ ಹಾಳಿಯೊಳಗ ಒಬ್ಬೊಬ್ಬರಿಗೆ ಒಂದೊಂದು ಕಂಬ ಹಾಕ್ಕೋಬೇಕು. ಇನ್ನೊಂದು, ನಿಮ್ಮ ಕಡೆ ಎರಡು ಎಲಿ ಇದ್ದು ಒಂದು ತೋರಿಸೂದಿದ್ರ, ಕೇಳಿದವರಿಗೆ ಮೊದಲು ತೋರಿಸಿದ್ದನ್ನ ತಿರುಗಿ ತೋರಿಸ್ರಿ, ಹೊಸಾದು ಬಿಟ್ಟುಕೊಡಬ್ಯಾಡ್ರಿ. "ನನಗ ಇಷ್ಟೆಲ್ಲಾ ಲೆಕ್ಕ ತಿಳಿಯೂದಿಲ್ಲವಾ" ಅಂತೀರಿ ವೈನಿ. ಹನ್ನೆರಡು ಮಂದಿ ಭಿಶಿ ನಡಸ್ತೀರಿ, ಯಾರು ಯಾವ ತಿಂಗಳ ಎಷ್ಟು ಬಾಕಿ ಇಟ್ಟಾರ ಅಂತ ಚೀಟಿ ಇಲ್ಲದ ಬಾಯಿಲೆ ಹೇಳತೀರಿ. ನಿಮಗ ತಿಳಿಯೂದಿಲ್ಲ ಅಂದ್ರ ಯಾರು ನಂಬಬೇಕು!

ಆರೋಪಕ್ಕ ದಂಡ ಇತ್ತಂದ್ರ ಮಂದಿ ಇದನ್ನೆಲ್ಲಾ ಮಾಡತಾರ. ಕೇಳತಾರ, ಬರಕೋತಾರ, ಎರಡು ಸಲ ತಾಳಿ ನೋಡತಾರ. ದಂಡ ಇಲ್ಲಂದ್ರ ಯಾಕ ಮಾಡಬೇಕು? ಬಾಯಿಗೆ ಬಂದದ್ದು ಹೇಳೂದು, ಅಲ್ಲ ಅಂದ್ರ ಇನ್ನೊಬ್ಬರ ಹೆಸರು ಹೇಳೂದು.

ಬಾಯಿಗೆ ಬರೂದಾದ್ರೂ ಯಾರ ಹೆಸರು? ಆ 6 ಮಂದಿಯೊಳಗ ಒಬ್ಬಾಕಿ ಮಿಸೆಸ್ ವೈಟ್, ಆ ಬಂಗಲೆಯ ಅಡಗಿಯಾಕಿ. ಉಳದವರು ಕರ್ನಲ್, ಪ್ರೊಫೆಸರ್, ಪಾದ್ರಿ, ದೊಡ್ಡ ಮನಿ ಹೆಣ್ಣಮಕ್ಕಳು. ವೈನಿ ಹೊರಿಸಿದ ನಾಕು ತಪ್ಪು ಆರೋಪದಾಗ ಮೂರು ಅಡಗಿಯಾಕಿ ಮ್ಯಾಲೆ. ವೈನಿ ಒಬ್ಬರ ಅಲ್ಲ, ನೀವೆಲ್ಲಾ ಸಂಶೇ ಸುರು ಮಾಡೂದು ಆಕಿಯಿಂದನ. "ಮನಿಯೊಳಗ ಇರಾಕಿ ಆಕಿನ ಅಲ್ಲೇನು, ಚಾಕೂ ಆಕಿ ಕೈಯಾಗ ಇರತದ" ಅಂತ ಒಬ್ಬರು ನಕ್ಕೊಂತ ಅಂದ್ರಿ. ಎಲಿ ಕಲಿಸಿ ತಗಿಯುವಾಗ ಲಕೋಟಿಗೆ ಕರ್ನಲ್ ಹೋಗೂದು, ಅಡಗಿಯಾಕಿ ಹೋಗೂದು ಎರಡೂ ಸಮಾ, ಆರರಾಗ ಒಂದು. ಯಾರು ಸಂಬಳಕ್ಕ ದುಡಿಯಾಕಿ ಅಂತ ಎಲಿಗೆ ಗೊತ್ತಿರೂದಿಲ್ಲ. 2016ರಾಗ ಹೊಸಾ ಡಬ್ಬಿಯೊಳಗ ಆಕಿನ್ನ ತಗದು ಡಾಕ್ಟರ್ ಆರ್ಕಿಡ್ ಅನ್ನಾಕಿನ್ನ ತಂದ್ರು. ನಮ್ಮದು ಹಳೇ ಡಬ್ಬಿ, ಆಕಿ ಇನ್ನೂ ಅದಾಳ.

ನಾ ಎದ್ದು ಹೋದದ್ದು ಅಲ್ಲೆ. ನಿಮ್ಮೊಳಗ ಇಬ್ಬರು ಮೂವರಿಗೆ ಗೊತ್ತದ ಯಾಕ ಅಂತ, ಉಳದವರಿಗೂ ಹೇಳಿಬಿಡತೇನಿ. ಹನ್ನೆರಡು ವರ್ಷದ ಹಿಂದಿನ ಮಾತು. ಒಂದು ಮದವಿ ಮುಗಿಸಿಕೊಂಡು ಬಂದ ಮರುದಿನ ನನ್ನ ಒಂದು ಬಿಲವಾರ ಕಾಣಲಿಲ್ಲ. ಆವತ್ತು ಮನಿಯೊಳಗ ಊರಿಂದ ಬಂದವರೂ ಹಿಡದು ಏಳು ಮಂದಿ ಇದ್ವಿ. ಏಳೂ ಮಂದಿನ್ನ ಕೇಳಿದೆನೇನು? ಇಲ್ಲ. ಟ್ರಂಕು, ಚೀಲಾ ಎಲ್ಲಾ ತಗದು ನೋಡಿದೆನೇನು? ಅರ್ಧಾ ನೋಡಿದೆ. ಭಾಂಡಿ ತಿಕ್ಕಲಿಕ್ಕೆ ಬರತಿದ್ದಾಕಿ ಕಡೆ ನೋಡಿದೆ, ಅಷ್ಟ. ಆಕಿ ಮುಂದ "ನೀ ತಗೊಂಡಿ" ಅಂತ ಅನ್ನಲಿಲ್ಲ. ಅಂದಿದ್ರ ಆಕಿ ಉತ್ತರಾನರ ಕೊಡತಿದ್ದಳು. ಹಿತ್ತಲದಾಗ ನಿಂತು ಬಾಜೂ ಮನಿಯವರಿಗೆ "ಹೊರಗಿನವರು ಅಂದ್ರ ಮನಿಯೊಳಗ ಬರಾಕಿ ಆಕಿ ಒಬ್ಬಾಕಿನ ನೋಡ್ರಿ" ಅಂದೆ. ಆಕಿ ಅಲ್ಲೇ ನಳದ ಕೆಳಗ ಬೋಗಾಣಿ ತಿಕ್ಕಲಿಕ್ಕೆ ಹತ್ತಿದ್ದಳು. ಕೇಳಿಸ್ಲಿ ಅಂತನ ಅಂದಿದ್ದೆ ಅಂತ ಈಗ ಅನಸ್ತದ.

ಮೂರನೇ ದಿನದಿಂದ ಆಕಿ ಬರಲಿಲ್ಲ. ನಮ್ಮ ಓಣಿಯೊಳಗ ಇನ್ನೆರಡು ಮನಿ ಕೆಲಸಾ ಮಾಡತಿದ್ದಳು, ಅವರೂ ಬಿಡಿಸಿದ್ರು. ನನ್ನನ್ನ ಒಂದು ಮಾತು ಕೇಳಲಿಲ್ಲ, ಎಲ್ಲಿ ನೋಡಿದ್ರಿ, ಯಾರು ನೋಡಿದ್ರು ಅಂತ. ದಸರಾಕ್ಕ ಟ್ರಂಕಿನಿಂದ ಇಲಕಲ್ ಸೀರಿ ತಗದು ಝಾಡಿಸಿದೆ, ನಿರಗಿ ಒಳಗಿಂದ ಬಿಲವಾರ ಕೆಳಗ ಬಿತ್ತು. ಮದವಿ ದಿನ ನಾನ ಬಿಚ್ಚಿ ಸೆರಗಿಗೆ ಕಟ್ಟಿ, ಹಂಗ ಮಡಚಿ ಇಟ್ಟಿದ್ದೆ. ಆಕಿ ಇದ್ದ ಓಣಿಗೆ ಹೋದೆ. ಖೋಲಿ ಖಾಲಿ ಮಾಡಿ ತಂಗಿ ಊರಿಗೆ ಹೋದಳು ಅಂದ್ರು. ಯಾವ ಊರು ಅಂತ ಅವರಿಗೂ ಗೊತ್ತಿರಲಿಲ್ಲ.

ನನಗೇನಾತು? ಏನೂ ಆಗಲಿಲ್ಲ. ಮುಂದಿನ ವಾರ ಬ್ಯಾರೆಯಾಕಿ ಕೆಲಸಕ್ಕ ಬಂದಳು, ಬಿಲವಾರನೂ ಸಿಕ್ಕಿತು. ಆಡಿಸಿದವರು ಒಬ್ಬರೂ ನನ್ನನ್ನ ಹೊರಗ ಕೂಡಿಸಲಿಲ್ಲ. ಆಕಿ ಕೂತಳು. ಆ ಎರಡು ಮನಿಯವರೂ ಇದನ್ನ ಓದತೀರಿ, ಗೊತ್ತದ. ನಿಮ್ಮನ್ನ ಬೈಲಿಕ್ಕೆ ಬರದಿಲ್ಲ, ಲಕೋಟಿ ತಗೀದನ ಆರೋಪ ಹೊರಿಸಿದಾಕಿ ನಾನು. ಆದ್ರ ಹೊರಿಸಿದಾಕಿ ಹೊರಗ ಕೂಡಬೇಕು ಅಂತ ಹೇಳೂ ಒಂದು ಜಾಗಾ ನನಗ ಈ ಪುಠ್ಠಾದ ಬೋರ್ಡಿನ ಮ್ಯಾಲೆ ಸಿಕ್ಕದ. ಅದನ್ನೂ ನೀವು "ಹೋಗ್ಲಿ ಬಿಡ್ರಿ" ಅಂತ ತಗದ್ರ ನನಗ ಸಿಟ್ಟು ಬರೂದಿಲ್ಲೇನು?

ಹುಡುಗೂರು ಅಳತಾವ ಅಂತೀರಿ. ಅಳ್ಲಿ. ನಮ್ಮ ಮೊಮ್ಮಗ ಆರು ವರ್ಷದಾಂವಾ, ಅಂವಗ ನಾ ನಿಯಮಾ ಬಿಡಲಿಲ್ಲ. ಹತ್ತು ನಿಮಿಷ ಅತ್ತಾ. ಆಮ್ಯಾಲೆ ಎಲಿ ತೋರಿಸೂ ಕೆಲಸಾ ಅಂವಂದ ಅಂತ ತಿಳದ ಮ್ಯಾಲೆ ತಹಶೀಲ್ದಾರನ ಗತ್ತಿನ್ಯಾಗ ಕೂತಾ, ಉತ್ತರಾ ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ. ಭಾಳ ಸಣ್ಣ ಹುಡುಗೂರು ಇದ್ರ ದೊಡ್ಡವರ ಜೋಡಿ ಒಂದ ಕೈ ಮಾಡಿ ಕೂಡಿಸೋಣ, ಅಷ್ಟಕ್ಕ ನಾ ಒಪ್ಪತೇನಿ. ದೊಡ್ಡವರಿಗೆ ಮಾಫಿ ಇಲ್ಲ. ಇನ್ನ "ಖೂನಿ ಆಟ ಹುಡುಗೂರಿಗೆ ಯಾಕ" ಅಂದವರಿಗೆ ಏನು ಹೇಳ್ಲಿ? ದಿನಾ ರಾತ್ರಿ ಸೊಸಿ ಹಾಲಿನ್ಯಾಗ ವಿಷಾ ಹಾಕೂ ಅತ್ತಿನ್ನ ಅದ ಹುಡುಗೂರನ್ನ ತೊಡಿ ಮ್ಯಾಲೆ ಕೂಡಿಸ್ಕೊಂಡು ನೋಡತೀವಿ.

ಶನಿವಾರ ನಾಕು ಗಂಟೇಕ್ಕ ಬರ್ರಿ, ವೈನಿ ನೀವಂತೂ ಬರಲೇಬೇಕು. ಹಚ್ಚಿದ ಅವಲಕ್ಕಿ ಮಾಡಿಟ್ಟಿರತೇನಿ. ನಮ್ಮನಿಯವರು ಲಕೋಟಿ ನೋಡೂ ನೌಕರಿಗೆ ರಾಜೀನಾಮೆ ಕೊಟ್ಟಾರ. ಪೆನ್ಸಿಲ್ ನೀವ ತರಬೇಕು, ನಮ್ಮನಿಯಾಗಿನವೆಲ್ಲಾ ಮೊಮ್ಮಗ ಕಡದು ಇಟ್ಟಾನ.