ಚಳಿಗೋ, ನಿಂತದ್ದಕ್ಕೋ?

ಸೋದರಿಯರೇ, ಈ ಸಲ ಒಲೆಯ ಮುಂದಿನಿಂದ ಎದ್ದು ನಿಮ್ಮನ್ನೆಲ್ಲ ನಮ್ಮ ಮನೆಯ ಕಾರಿನ ಶೆಡ್ಡಿಗೆ ಕರೆದುಕೊಂಡು ಹೋಗುತ್ತೇನೆ. "ಇವಳಿಗೇನಾಯ್ತಪ್ಪ, ಕಾರಿನ ವಿಷಯ ಬರೆಯೋಕೆ ಹೊರಟಳು" ಅಂತ ನಗಬೇಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸ್ಟಿಯರಿಂಗ್ ಹಿಡಿದದ್ದು ಜೀವಮಾನದಲ್ಲಿ ಒಂದೇ ಸಲ, ಅವತ್ತೇ ಕಾಂಪೌಂಡಿನ ಬೇಲಿ ಮುರಿಯಿತು. ಆದರೂ ಹೇಳುತ್ತೇನೆ, ಯಾಕೆಂದರೆ ಇದು ಕಿವಿಯ ವಿಷಯ. ಕುಕ್ಕರಿನ ಗುಸುಗುಸು ಕೇಳಿಯೇ ಒಳಗೆ ನೀರು ಸಾಲದು ಅಂತ ಪಕ್ಕದ ಕೋಣೆಯಿಂದ ಹೇಳುವವರು ನಾವು. ಮಿಕ್ಸಿಯ ಸದ್ದು ಬದಲಾದರೆ ಬ್ಲೇಡು ಸಡಿಲವಾಗಿದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಅತ್ತೆಯವರಿಗೆ ಎರಡೂ ಮೂತ್ರಪಿಂಡ ಸೋತು ವರ್ಷದ ಮೇಲಾಯಿತು. ಮಂಗಳವಾರ ಮತ್ತು ಶುಕ್ರವಾರ, ವಾರಕ್ಕೆ ಎರಡು ಸಲ, ಸಕಲೇಶಪುರದಿಂದ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಸುಮಾರು 40 ಕಿಲೋಮೀಟರ್ ದಾರಿ, 7 ಗಂಟೆಗೆ ಅವರ ಸರದಿ. ಐದೂವರೆಗೆಲ್ಲ ಮನೆ ಬಿಡಬೇಕು. ಒಂದು ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು ಸರದಿ ತಪ್ಪಿತ್ತು. ಆ ರಾತ್ರಿ ಮೈಯಲ್ಲೆಲ್ಲ ನೀರು ತುಂಬಿ, ಮಲಗೋಕಾಗದೆ, ಬೆನ್ನಿಗೆ ಮೂರು ದಿಂಬು ಇಟ್ಟುಕೊಂಡು ಕೂತೇ ಬೆಳಗು ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಹಳೇ ಪುಟ್ಟ ಕಾರಿಗೆ ಹಸುವಿಗಿಂತ ಹೆಚ್ಚು ಉಪಚಾರ.

ನವೆಂಬರ್ ತಿಂಗಳ ಕೊನೆಗೆ ಒಂದು ಶುಕ್ರವಾರ. ಇವರು ಕಾರು ಸ್ಟಾರ್ಟ್ ಮಾಡಿದರು, ನಾನು ಗೇಟು ತೆಗೆಯಲು ಮುಂದೆ ನಿಂತಿದ್ದೆ. ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಬಾನೆಟ್ಟಿನ ಒಳಗಿನಿಂದ ಗಲಗಲ ಅಂತ ಸದ್ದು. ಎಣಿಸಿದರೆ ಎರಡು ಸೆಕೆಂಡು. ಆಮೇಲೆ ಏನೂ ಆಗದ ಹಾಗೆ ಎಂದಿನ ಸದ್ದು.

"ಏನ್ರೀ ಅದು?" ಅಂದೆ.

"ಯಾವುದು?" ಅಂದರು. ಕಿಟಕಿ ಏರಿಸಿಕೊಂಡು, ಮಫ್ಲರ್ ಕಟ್ಟಿಕೊಂಡು ಒಳಗೆ ಕೂತವರಿಗೆ ಕೇಳುವುದಾದರೂ ಹೇಗೆ? ಗೇಟು ತೆಗೆಯುವವಳಿಗೆ ಮಾತ್ರ ಕೇಳುವ ಸದ್ದು ಅದು. "ಚಳಿಗೆ ಕಣೆ, ಡಿಸೆಂಬರ್ ಬಂತಲ್ಲ" ಅಂತ ಸುಮ್ಮನಾದರು. ಹಿಂದಿನ ಸೀಟಿನಿಂದ ಅತ್ತೆ ಮಾತ್ರ, "ಅದಕ್ಕೂ ನನ್ನ ಹಾಗೆ ಗಂಟಲು ಕಟ್ಟಿದೆ" ಅಂದರು.

ಮುಂದಿನ ಮಂಗಳವಾರ ಮತ್ತೆ. ಈ ಸಲ ಇನ್ನೂ ಸ್ವಲ್ಪ ಉದ್ದ. ನಮ್ಮೂರಿನ ಮೆಕ್ಯಾನಿಕ್ ಹುಡುಗನ ಹತ್ತಿರ ಒಯ್ದರೆ ಸದ್ದೇ ಇಲ್ಲ! ಮನೆಯಿಂದ ಅಲ್ಲಿಗೆ ಓಡಿಸಿಕೊಂಡು ಹೋಗಿದ್ದೇ ತಪ್ಪಾಯಿತು. ಅವನು ಮೂರು ಸಲ ಸ್ಟಾರ್ಟ್ ಮಾಡಿ, "ಏನಿಲ್ಲ ಅಕ್ಕ, ಚೆನ್ನಾಗೇ ಇದೆ" ಅಂದ. ಹಾಸನದ ಒಂದು ದೊಡ್ಡ ಗ್ಯಾರೇಜಿನಲ್ಲಿ ಸದ್ದು ಹೇಗಿರುತ್ತದೆ ಅಂತ ಬಾಯಲ್ಲಿ ಹೇಳಿದ್ದಷ್ಟೇ. ಬಾನೆಟ್ ಕೂಡ ಎತ್ತದೆ, "ಟೈಮಿಂಗ್ ಚೈನ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು, 22 ಸಾವಿರ ಆಗುತ್ತೆ. ಬಿಟ್ಟರೆ ಒಂದು ದಿನ ಚೈನ್ ಹಾರಿ ಇಂಜಿನ್ನೇ ಹೋಗುತ್ತೆ" ಅಂದರು. ಸುಳ್ಳೇನಲ್ಲ, ಚೈನು ಹಲ್ಲು ತಪ್ಪಿದರೆ ಒಳಗಿನ ವಾಲ್ವುಗಳಿಗೆ ಪಿಸ್ಟನ್ ಬಡಿದು ಇಂಜಿನ್ ಹಾಳಾಗುವುದುಂಟು. ಅದೂ ಬೆಳಗಿನ ಜಾವ ದಾರಿಯ ಮಧ್ಯೆ, ಅತ್ತೆಯವರನ್ನು ಕೂರಿಸಿಕೊಂಡು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 22 ಸಾವಿರ ಅಂದರೆ ಮಗಳ ಕಾಲೇಜಿನ ಫೀಜಿಗೆ ಎತ್ತಿಟ್ಟ ದುಡ್ಡು.

ಕೈಗೆ ಕ್ಯಾಲೆಂಡರ್ ಸಿಕ್ಕಿತು. ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ಸದ್ದಿನ ಲೆಕ್ಕವನ್ನೂ ಗುರುತು ಹಾಕತೊಡಗಿದೆ. ರಾತ್ರಿಯಿಡೀ ನಿಂತ ಕಾರು: ಎರಡು ಸೆಕೆಂಡು. ಶುಕ್ರವಾರದಿಂದ ಮಂಗಳವಾರದವರೆಗೆ ಅಲುಗದೆ ನಿಂತದ್ದು: ನಾಲ್ಕು ಸೆಕೆಂಡು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿ ಹತ್ತು ನಿಮಿಷಕ್ಕೆ ಹೊರಟರೆ ಇಲ್ಲ. ಆಸ್ಪತ್ರೆಯ ಮುಂದೆ ನಾಲ್ಕು ಗಂಟೆ ನಿಂತಾಗ ಒಂದು ಚೂರು, ಇದೆಯೋ ಇಲ್ಲವೋ ಅನ್ನುವಷ್ಟು.

ಈ ಸದ್ದಿನ ತೊಂದರೆ ಏನು ಗೊತ್ತೇ? ದಿನಕ್ಕೆ ಒಂದೇ ಸಲ ಕೇಳಿಸುತ್ತದೆ. ತಪ್ಪಿಸಿಕೊಂಡರೆ ಮತ್ತೆ ನಾಳೆಯೇ.

ಇವರು ಚಳಿ ಚಳಿ ಅನ್ನುತ್ತಲೇ ಇದ್ದರಲ್ಲ, ಅದನ್ನೂ ನೋಡೇಬಿಡೋಣ ಅಂತ ಒಂದು ಭಾನುವಾರ ಕಾರನ್ನು ಮುಟ್ಟಗೊಡಲಿಲ್ಲ. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಬಾನೆಟ್ ಮೇಲೆ ಹಪ್ಪಳ ಒಣಗಿಸಬಹುದಾದ ಬಿಸಿಲಿನಲ್ಲಿ ಸ್ಟಾರ್ಟ್ ಮಾಡಿಸಿದೆ. ಗಲಗಲ! ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಸದ್ದು ಚಳಿಗೆ ಬರುತ್ತಿರಲಿಲ್ಲ, ನಿಂತದ್ದಕ್ಕೆ ಬರುತ್ತಿತ್ತು.

ಮಾರನೆಯ ವಾರ ಮೆಕ್ಯಾನಿಕ್ ಹುಡುಗನಿಗೆ ಹೇಳಿಕಳಿಸಿದೆ: "ನಾನು ಕಾರು ತರೋದಿಲ್ಲ, ನೀನೇ ಬೆಳಿಗ್ಗೆ ಐದೂಕಾಲಿಗೆ ಬಾ. ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿರುತ್ತೇನೆ." ಬಂದ ಪುಣ್ಯಾತ್ಮ. ಶೆಡ್ಡಿನ ಬಾಗಿಲು ಪೂರ್ತಿ ತೆಗೆಸಿದ. (ಇದನ್ನು ನೀವೂ ಮರೆಯಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವವನ್ನೇ ತೆಗೆಯುತ್ತದೆ.) ಮಗಳನ್ನು ಬೆಲ್ಟ್ ಓಡುವ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಲ್ಲಿಸಿದ. ನನಗೆ, "ಅಕ್ಕ, ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಹಿಂದೆ ಹಾಕಿ, ಫ್ಯಾನಿನ ಹತ್ತಿರ ಬರಬೇಡಿ" ಅಂದ. ಇವರಿಗೆ, "ಕೀ ತಿರುಗಿಸಿ, ಆಕ್ಸಿಲರೇಟರ್ ಮುಟ್ಟಬೇಡಿ, ಕೆಂಪು ದೀಪ ನೋಡ್ತಾ ಇರಿ" ಅಂದ.

ಆ ಕೆಂಪು ದೀಪದ ಮಾತು ಸ್ವಲ್ಪ ಕೇಳಿ. ಸ್ಟಿಯರಿಂಗ್ ಹಿಂದೆ ಎಣ್ಣೆ ಗಿಂಡಿಯ ಹಾಗೆ, ಸೊಂಡಿಲಿನ ತುದಿಯಲ್ಲಿ ಒಂದು ಹನಿ ಇರುವ ಚಿತ್ರದ ದೀಪ ಇರುತ್ತದೆ. ಕೀ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಶುರುವಾದ ಕೂಡಲೇ ಆರಬೇಕು. ಒಳಗೆ ಆಯಿಲ್ ಒತ್ತಡ ಬಂತು ಅಂತ ಅದರ ಅರ್ಥ. ನಮ್ಮ ಕಾರಿನಲ್ಲಿ ಅದು ಒಡನೆ ಆರುತ್ತಿರಲಿಲ್ಲ. ಗಲಗಲ ನಿಂತ ಹೊತ್ತಿಗೇ ದೀಪವೂ ಆರುತ್ತಿತ್ತು. ಇಷ್ಟು ದಿನ ಅದರ ಮುಂದೆಯೇ ಕೂತವರು ನೋಡಿರಲಿಲ್ಲ!

ಹುಡುಗ ರೊಟ್ಟಿ ಮುರಿಯುತ್ತಾ ವಿವರಿಸಿದ. ಇಂಜಿನ್ ನಿಂತಾಗ ಮೇಲೆಲ್ಲ ಓಡಾಡುತ್ತಿದ್ದ ಆಯಿಲ್ ನಿಧಾನವಾಗಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪು ಅದನ್ನು ಎತ್ತಿ, ಫಿಲ್ಟರಿನಲ್ಲಿ ಸೋಸಿ, ಮತ್ತೆ ಮೇಲಕ್ಕೆ ಕಳಿಸಬೇಕು. ಟೈಮಿಂಗ್ ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಅಂತ ಒಂದಿದೆ, ಅದಕ್ಕೆ ಶಕ್ತಿ ಈ ಆಯಿಲ್ ಒತ್ತಡದ್ದೇ. ಆಯಿಲ್ ಬರುವುದು ತಡವಾದರೆ ಅಷ್ಟು ಹೊತ್ತು ಚೈನು ಸಡಿಲ, ಗಲಗಲ ಬಡಿಯುತ್ತದೆ. ಹಾಗೆ ತಡವಾಗದಿರಲೆಂದೇ ಫಿಲ್ಟರಿನೊಳಗೆ ಒಂದು ರಬ್ಬರ್ ತಡೆ ಇರುತ್ತದೆ. ಇಂಜಿನ್ ನಿಂತರೂ ಫಿಲ್ಟರಿನ ಆಯಿಲ್ ವಾಪಸ್ಸು ಇಳಿಯದ ಹಾಗೆ ಅದು ಹಿಡಿದಿಡುತ್ತದೆ. ಫಿಲ್ಟರು ಬಾಯಿ ಮೇಲಾಗಿ ಕೂತಿದ್ದರೆ ಚೆಂಬಿನಲ್ಲಿ ನೀರು ನಿಂತ ಹಾಗೆ ಆಯಿಲ್ ತಾನೇ ನಿಲ್ಲುತ್ತದೆ. ನಮ್ಮದರಲ್ಲಿ ಅದು ಅಡ್ಡಲಾಗಿ ಕೂತಿದೆ, ತಡೆ ಕೆಟ್ಟರೆ ಬರಿದಾಗುತ್ತದೆ.

"ಸರ್ವೀಸ್ ಯಾವಾಗ ಆಯ್ತು ಅಕ್ಕ?" ಅಂದ. ಮನೆಯ ಲೆಕ್ಕದ ಪುಸ್ತಕ ತೆಗೆದೆ. 2024ರ ನವೆಂಬರ್ 12, ಮಂಗಳವಾರ, ಅತ್ತೆ ಒಳಗೆ ಮೆಷೀನಿನಲ್ಲಿದ್ದಾಗ ಹೊತ್ತು ಹೋಗಲೆಂದು ಹಾಸನದಲ್ಲೇ, ಬೇರೊಂದು ಕಡೆ, ಅಗ್ಗಕ್ಕೆ ಮಾಡಿಸಿದ್ದು. ಸದ್ದು ನಾನು ಮೊದಲು ಗುರುತು ಹಾಕಿದ್ದು 22ನೇ ತಾರೀಕು. ಹತ್ತೇ ದಿನ! ನಾನು ಇವರ ಮುಖ ನೋಡಿದೆ, ಇವರು ರೊಟ್ಟಿಯ ಕಡೆ ನೋಡಿದರು.

ಫಿಲ್ಟರ್ ಬಿಚ್ಚಿ ಕೈಗೆ ಕೊಟ್ಟ. ಪಾವಿನ ಗಾತ್ರದ ತಗಡಿನ ಡಬ್ಬಿ. ಬಾಯಿಯ ನಡುವೆ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು, ಅವುಗಳ ಹಿಂದೆ ರಬ್ಬರು. ಕಡ್ಡಿಯಿಂದ ಒತ್ತಿ ನೋಡಿದೆ. ಮೂರು ವರ್ಷ ಬಳಸಿದ ಕುಕ್ಕರ್ ಗ್ಯಾಸ್ಕೆಟ್ ಹೇಗಿರುತ್ತೆ, ಹಾಗೆ ಗಟ್ಟಿ. ಒಂದು ಕಡೆ ಕೂತೇ ಇರಲಿಲ್ಲ. ಕಂಪನಿ ಫಿಲ್ಟರಿನಲ್ಲಿ ಅದೇ ರಬ್ಬರು ಮೆತ್ತಗೆ ಬಾಗಿ ತಕ್ಷಣ ವಾಪಸ್ಸು ಕೂರುತ್ತಿತ್ತು. ಅದರ ಮೇಲೆ, ಹಾಕಿದ್ದ ಆಯಿಲ್ ಕೂಡ ಬೇಕಾದ್ದಕ್ಕಿಂತ ದಪ್ಪದ್ದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ 5 ಡಬ್ಲ್ಯೂ 30 ಅಂತಿದೆ, ಬಿಲ್ಲಿನಲ್ಲಿ 20 ಡಬ್ಲ್ಯೂ 50 ಅಂತಿದೆ. ಡಬ್ಲ್ಯೂ ಅಂದರೆ ಚಳಿಗಾಲದ ಗುರುತು, ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ತೆಳ್ಳಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸೀಸೆಯಿಂದ ಇಳಿಯುವುದಿಲ್ಲವಲ್ಲ, ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಹರಿಯೋದಕ್ಕೆ ಸೋಮಾರಿಯಾಗುತ್ತದೆ. ಅಂದಮೇಲೆ ಇವರ ಚಳಿಯ ಮಾತೂ ಪೂರ್ತಿ ಸುಳ್ಳಲ್ಲ, ಒಂದಾಣೆ ಪಾಲು ನಿಜ ಅಂತ ಒಪ್ಪಿಕೊಂಡೆ.

ಫಿಲ್ಟರು, ಸರಿಯಾದ ಆಯಿಲ್, ಕೂಲಿ ಎಲ್ಲ ಸೇರಿ 2,350 ರೂಪಾಯಿ. "ಇದಕ್ಕೂ ಸದ್ದು ನಿಲ್ಲದಿದ್ದರೆ, ದೀಪ ಬೇಗ ಆರಿಯೂ ಗಲಗಲ ಅಂತಿದ್ದರೆ, ಆಗ ಟೆನ್ಷನರ್, ಚೈನು ಬಿಚ್ಚಿ ನೋಡಲೇಬೇಕು ಅಕ್ಕ. ಆದರೆ ಮೊದಲು ಅಗ್ಗದ್ದು ನೋಡೋಣ" ಅಂದ. ಈ ಹುಡುಗನ ಅಮ್ಮ ಅವನನ್ನು ಚೆನ್ನಾಗಿ ಬೆಳೆಸಿದ್ದಾಳೆ.

ನಿಮ್ಮ ಮನೆಯಲ್ಲೂ ಇಂಥ ಸದ್ದು ಬಂದರೆ ಎಲ್ಲವೂ ಫಿಲ್ಟರೇ ಅಂದುಕೊಳ್ಳಬೇಡಿ. ಮೊದಲು ಆಯಿಲ್ ಎಷ್ಟಿದೆ ನೋಡಿಸಿ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದರೆ ಎರಡು ಗೆರೆಗಳ ನಡುವೆ ಇರಬೇಕು. ಜಾಸ್ತಿ ಇರಲಿ ಅಂತ ಮೇಲಿನ ಗೆರೆ ದಾಟಿ ಸುರಿಯುವುದೂ ತಪ್ಪು. ತಗಡು ನಡುಗಿದ ಹಾಗೆ ಜರ್ ಅಂದರೆ ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡಿನ ಸ್ಕ್ರೂ ಸಡಿಲವಿರಬಹುದು. ತಣ್ಣಗಿರುವಾಗ ಕೈಯಲ್ಲಿ ತಟ್ಟಿದರೇ ಗೊತ್ತಾಗುತ್ತೆ, ಬಿಸಿಯಿದ್ದಾಗ ಮುಟ್ಟಿದರೆ ದೋಸೆ ಕಾವಲಿಯೇ ಸರಿ. ಮಂಜಿನ ಬೆಳಿಗ್ಗೆ ಕೀಚ್ ಅಂತ ಕಿರುಚಿದರೆ ಅದು ಬೆಲ್ಟು. ಹಳೆಯ ಇಂಜಿನ್ನುಗಳಲ್ಲಿ ಮಂದವಾಗಿ ಡಬ್ ಡಬ್ ಅಂತ ಕೆಲವು ನಿಮಿಷ ಬಂದು, ಬಿಸಿಯಾದ ಮೇಲೆ ನಿಂತರೆ, ಅದು ಪಿಸ್ಟನ್ ಸವೆದದ್ದಿರಬಹುದು, ಅದು ನಿಜವಾಗಿ ಚಳಿಯ ಸದ್ದು. ಇನ್ನು ಕೆಲವು ಕಾರುಗಳಲ್ಲಿ ಚೈನೇ ಇಲ್ಲ, ಬೆಲ್ಟ್ ಇರುತ್ತದೆ. ನಿಮ್ಮದು ಯಾವುದು ಅಂತ ಕೇಳಿಟ್ಟುಕೊಳ್ಳಿ, ಯಾಕೆಂದರೆ ಬೆಲ್ಟನ್ನು ಸದ್ದು ಬರಲಿ ಬಿಡಲಿ ಗಡುವಿಗೆ ಬದಲಾಯಿಸಬೇಕು.

ಆದರೆ ಓಡುತ್ತಿರುವಾಗ ಆ ಗಿಂಡಿಯ ಕೆಂಪು ದೀಪ ಹತ್ತಿದರೆ, ಇಲ್ಲವೇ ಒಳಗಿನಿಂದ ಗಟ್ಟಿಯಾಗಿ ಕುಟ್ಟುವ ಸದ್ದು ವೇಗದ ಜೊತೆ ಏರುತ್ತಿದ್ದರೆ, "ಮನೆ ಹತ್ತಿರವೇ ಇದೆ" ಅನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿಬಿಡಿ.

ಇವರಿಗೊಂದು ಚಟವಿತ್ತು, ಸ್ಟಾರ್ಟ್ ಮಾಡಿದ ಕೂಡಲೇ ರೊಂಯ್ ರೊಂಯ್ ಅಂತ ಎರಡು ಸಲ ಎಳೆಯುವುದು. ಆಯಿಲ್ ಇನ್ನೂ ಮೇಲೆ ಹೋಗದ ಹೊತ್ತಿನಲ್ಲಿ ಅದು ಬರಿಗಂಟಲಲ್ಲಿ ಚಕ್ಕುಲಿ ನುಂಗಿದ ಹಾಗಂತೆ. ಈಗ ಅರ್ಧ ನಿಮಿಷ ಸುಮ್ಮನೆ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗುತ್ತಾರೆ. ಹತ್ತು ನಿಮಿಷ ನಿಂತಲ್ಲೇ ಓಡಿಸಬೇಕಾಗಿಲ್ಲ, ಪೆಟ್ರೋಲು ದಂಡ.

ಫಿಲ್ಟರ್ ಬದಲಾಯಿಸಿದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ಅತ್ತೆಯವರಿಗೆ ಅಳತೆಯ ಅರ್ಧ ಲೋಟ ಕಾಫಿ ಕೊಟ್ಟು, ಶಾಲು ಹೊದಿಸಿ ಹಿಂದೆ ಕೂರಿಸಿದೆ. ಗೇಟು ತೆಗೆದು ನಿಂತೆ. ಇವರು ಈ ಸಲ ತಾವಾಗಿಯೇ ಕಿಟಕಿ ಇಳಿಸಿ, ಮಫ್ಲರ್ ಬಿಚ್ಚಿ, ಕೀ ತಿರುಗಿಸಿದರು. ದೀಪ ಹತ್ತಿತು, ಆರಿತು. ಏನೂ ಕೇಳಲಿಲ್ಲ.

"ಗಂಟಲು ಬಿಟ್ಟಿತು ನೋಡೆ" ಅಂದರು ಅತ್ತೆ. ಐದೂವರೆಗೆ ಹೊರಟೆವು.