ನಿಲ್ಲಲು ನೆಲೆಯಿಲ್ಲದ ಹೆದ್ದಾರಿಗಳು

ಅಜ್ಜ ಅಜ್ಜಿಯರೂ ಮಕ್ಕಳು ಸೊಸೆಯಂದಿರೂ ಮೊಮ್ಮಕ್ಕಳೂ ಒಂದೇ ವಾಹನದಲ್ಲಿ ಕುಳಿತು, ಅಕ್ಕಿ ಬೇಳೆ ಒಲೆ ಪಾತ್ರೆಗಳನ್ನು ಹೇರಿಕೊಂಡು, ಹೊತ್ತು ಮುಳುಗಿದ ಎಡೆಯಲ್ಲಿ ಡೇರೆ ಹಾಕಿ, ಬೆಳಗಾದೊಡನೆ ಮುಂದಕ್ಕೆ ಹೊರಡುವ ಪ್ರವಾಸಕ್ರಮವು ಪರದೇಶಗಳಿಂದ ಬಂದ ಹೊಸ ವಿಲಾಸವೆಂದು ಭಾವಿಸುವವರು, ಭಾರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಗೆ ಸಾಗುವ ದಾರಿಗಳನ್ನೊಮ್ಮೆ ನೋಡಬೇಕು. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ತಲೆತಲಾಂತರದಿಂದ ಈ ಯಾತ್ರೆಯನ್ನು ಹೀಗೆಯೇ ನಡೆಸಿಕೊಂಡು ಬಂದಿವೆ. ಬಂಡಿಯಲ್ಲಿ ಹುಲ್ಲು ಹಾಸಿ ಮುದುಕರನ್ನೂ ಎಳೆಗೂಸುಗಳನ್ನೂ ಕೂರಿಸಿ, ಪ್ರಾಯದವರು ಪಕ್ಕದಲ್ಲಿ ನಡೆದು, ದಾರಿಯ ತೋಪುಗಳಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಗುಡ್ಡವನ್ನು ಸೇರಿದ ಮೇಲೆ ಬಯಲಿನಲ್ಲೇ ಬೀಡುಬಿಟ್ಟು ಪರಡಿ ತುಂಬಿಸುವ ಆ ಪದ್ಧತಿಯಲ್ಲಿ ಭಕ್ತಿಯ ಜೊತೆಗೆ ಕುಟುಂಬಜೀವನದ ಒಂದು ಶಿಕ್ಷಣವೂ ಅಡಗಿದೆ. ಈಗ ಬಂಡಿಗಳ ಸ್ಥಾನಕ್ಕೆ ಬಹುಮಟ್ಟಿಗೆ ಟ್ರ್ಯಾಕ್ಟರುಗಳೂ ಟೆಂಪೊಗಳೂ ಬಂದಿವೆಯಾದರೂ, ಎತ್ತುಗಳನ್ನು ಸಿಂಗರಿಸಿ ಬಂಡಿ ಕಟ್ಟುವವರು ಇಂದಿಗೂ ಇದ್ದಾರೆ.

ಬಂಡಿಯ ಪ್ರಯಾಣವೆಂದರೆ ವಿಘ್ನರಹಿತವಾದುದೇನೂ ಆಗಿರಲಿಲ್ಲ. ಕಡಾಣಿ ಕಳಚಿ ಬೀಳುವುದುಂಟು, ಅಚ್ಚು ಮುರಿಯುವುದುಂಟು, ಬಿಸಿಲಿಗೆ ಮರ ಒಣಗಿ ಕಬ್ಬಿಣದ ಹಳಿ ಸಡಿಲವಾಗುವುದುಂಟು. ಆದರೆ ಬಂಡಿ ನಿಂತ ಸ್ಥಳದಿಂದ ಕೂಗಳತೆಯಲ್ಲಿ ಒಂದು ಊರಿರುತ್ತಿತ್ತು, ಊರಿನಲ್ಲಿ ಬಡಗಿಯೂ ಕಮ್ಮಾರನೂ ಇರುತ್ತಿದ್ದರು, ದಾರಿಯ ಅಂಚಿನಲ್ಲಿ ಹುಣಿಸೆಯದೋ ಮಾವಿನದೋ ನೆರಳೂ ಸೇದುವ ಬಾವಿಯೂ ಇರುತ್ತಿದ್ದವು. ಎಲ್ಲಕ್ಕೂ ಮಿಗಿಲಾಗಿ, ಯಾವ ಸದ್ದಿಗೆ ಯಾವ ರೋಗವೆಂದು ಬಲ್ಲ ಹಿರಿಯನೊಬ್ಬನು ಬಂಡಿಯೊಳಗೇ ಕುಳಿತಿರುತ್ತಿದ್ದನು. ತಡವಾಗುತ್ತಿತ್ತೇ ಹೊರತು ಯಾರೂ ಅನಾಥರಾಗುತ್ತಿರಲಿಲ್ಲ.

ಮೋಟಾರು ಯುಗದ ಚರಿತ್ರೆಯೂ ಇಂಥದೊಂದು ಕುಟುಂಬಯಾತ್ರೆಯಿಂದಲೇ ಆರಂಭವಾಯಿತೆಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ಥಾ ಬೆಂಝ್ ಎಂಬ ಗೃಹಿಣಿಯು, ತನ್ನ ಪತಿ ಕಾರ್ಲ್ ಬೆಂಝ್ ನಿರ್ಮಿಸಿದ ಮೂರು ಗಾಲಿಯ ವಾಹನವನ್ನು ಆತನಿಗೆ ತಿಳಿಸದೆಯೇ ಹೊರಕ್ಕೆ ತೆಗೆದು, ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ, ತಾಯಿಯನ್ನು ಕಾಣಲು ಹೊರಟಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕವನ್ನು ಕೊಂಡಳು. ಬ್ರೇಕಿನ ಮರದ ತುಂಡುಗಳು ತೇಯ್ದುಹೋದಾಗ ದಾರಿಯ ಮೋಚಿಯೊಬ್ಬನಿಂದ ಅವಕ್ಕೆ ಚರ್ಮವನ್ನು ಹೊಡೆಸಿದಳು. ಏರುದಾರಿಯಲ್ಲಿ ಮಕ್ಕಳು ಇಳಿದು ತಳ್ಳಿದರು. ಆ ಅನುಭವದ ಫಲವಾಗಿಯೇ ಮುಂದೆ ಆ ವಾಹನಕ್ಕೆ ಇನ್ನೊಂದು ಗೇರು ಸೇರಿತು. ಆಕೆಯ ಧೈರ್ಯವನ್ನು ಲೋಕವೆಲ್ಲ ಕೊಂಡಾಡುತ್ತದೆ, ಕೊಂಡಾಡತಕ್ಕದ್ದೇ. ಆದರೆ ಔಷಧದಂಗಡಿಯೂ ಮೋಚಿಯ ಅಂಗಡಿಯೂ ದಾರಿಯ ಮಗ್ಗುಲಲ್ಲೇ ತೆರೆದಿದ್ದುವೆಂಬುದನ್ನು ನಾವು ಮರೆಯಬಾರದು. ಆ ದಾರಿಯು ಊರುಗಳ ನಡುವೆ ಹಾದುಹೋಗುತ್ತಿತ್ತಾದ್ದರಿಂದ ಆ ತಾಯಿಯು ತವರನ್ನು ಮುಟ್ಟಿದಳು.

ನಮ್ಮ ಘಟ್ಟದ ದಾರಿಗಳ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡೋಣ. ಬೇಸಗೆಯ ರಜೆಯಲ್ಲಿ ಧರ್ಮಸ್ಥಳ ಸುಬ್ರಹ್ಮಣ್ಯಗಳ ಕಡೆಗೆ ಹೊರಡುವ ಬಾಡಿಗೆ ವ್ಯಾನುಗಳಲ್ಲಿ ಮೂರು ತಲೆಮಾರುಗಳೂ, ಅವರ ಹಾಸಿಗೆ ಹೊದಿಕೆ ಪಾತ್ರೆಗಳೂ ತುಂಬಿರುತ್ತವೆ. ಇಷ್ಟು ಭಾರವನ್ನು ಹೊತ್ತು ಘಟ್ಟವನ್ನು ಏರುವಾಗ ಎಂಜಿನ್ ಕಾಯುವುದು, ರೇಡಿಯೇಟರಿನ ನೀರು ಕುದಿಯುವುದು, ಇಳಿಯುವಾಗ ಒಂದೇ ಸಮನೆ ಬ್ರೇಕನ್ನು ತುಳಿದು ಅದು ಹಿಡಿತವನ್ನು ಕಳೆದುಕೊಳ್ಳುವುದು, ಇವೆಲ್ಲ ಅಪರೂಪದ ಸಂಗತಿಗಳಲ್ಲ. ಏರುವ ಗೇರಿನಲ್ಲೇ ಇಳಿಯಬೇಕೆಂಬುದನ್ನೂ, ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ತಣಿಯುವ ಮುನ್ನ ತೆರೆಯಬಾರದೆಂಬುದನ್ನೂ ಹಳೆಯ ಚಾಲಕರು ಬಲ್ಲರು. ತಣಿಯುವವರೆಗೆ ಕಾಯುವುದೇ ಆಗ ಉಳಿಯುವ ಉಪಾಯ. ಆದರೆ ಎಲ್ಲಿ ಕಾಯಬೇಕು? ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿಯ ತಿರುವುಗಳಿಗೆ ಇಳಿದ ಮೇಲೆ ಒಂದು ಪಕ್ಕದಲ್ಲಿ ಬಂಡೆ, ಮತ್ತೊಂದು ಪಕ್ಕದಲ್ಲಿ ಕಮರಿ. ಮಳೆಗಾಲವಾದರೆ ಮಂಜು ಮುಸುಕಿ ಹತ್ತು ಮಾರು ದೂರವೂ ಕಾಣದು. ಇಂಥ ತಿರುವೊಂದರ ಬಳಿ ಕೆಟ್ಟುನಿಂತ ವ್ಯಾನಿನ ಪಕ್ಕದಲ್ಲಿ, ಮಂಡಿನೋವಿನ ವೃದ್ಧೆಯೊಬ್ಬರು ಕುಳಿತುಕೊಳ್ಳಲು ಒಂದು ಕಲ್ಲೂ ಇಲ್ಲದೆ, ಶೌಚಕ್ಕೆ ಹೋಗಬೇಕೆಂದು ಬಾಯಿಬಿಟ್ಟು ಹೇಳಲಾರದೆ, ಸೊಸೆಯ ಭುಜವನ್ನು ಹಿಡಿದು ನಿಂತುದನ್ನು ನಾನು ಕಂಡಿದ್ದೇನೆ. ಅಂಥ ಸಂಕಟವನ್ನು ಒಮ್ಮೆ ಉಂಡ ಹಿರಿಯರು ಮರುವರ್ಷ, ನೀವು ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ, ಎನ್ನುತ್ತಾರೆ. ಕುಟುಂಬದ ಪ್ರವಾಸದಿಂದ ಅಜ್ಜಿಯು ಹೀಗೆ ಸದ್ದಿಲ್ಲದೆ ಬಿಟ್ಟುಹೋಗುವುದು ನನಗೆ ಅತ್ಯಂತ ದುಃಖದ ವಿಷಯವಾಗಿ ತೋರುತ್ತದೆ.

ಬಯಲುಸೀಮೆಯ ಹೆದ್ದಾರಿಗಳಲ್ಲಿ ಕಮರಿಯ ಭಯವಿಲ್ಲ, ವೇಗದ ಭಯವುಂಟು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡ ಬೆಂಗಳೂರು ಮೈಸೂರು ಹೆದ್ದಾರಿಯು ಸುಮಾರು 119 ಕಿಲೋಮೀಟರ್ ಉದ್ದವಾಗಿದೆ; ಅದರ ಮುಖ್ಯ ಪಥವು ರಾಮನಗರ ಚನ್ನಪಟ್ಟಣ ಮದ್ದೂರು ಮಂಡ್ಯಗಳೊಳಗೆ ಹೋಗದೆ ಹೊರಗಿನಿಂದಲೇ ಹಾದುಹೋಗುತ್ತದೆ. ಕಾಲವು ಉಳಿಯಿತು, ನಿಜ. ಆದರೆ ಗಾಡಿ ಕೆಟ್ಟರೆ ಬೇಲಿಯ ಆಚೆಗೆ ಊರು ಕಾಣುತ್ತಿದ್ದರೂ ಊರಿನ ಮೆಕ್ಯಾನಿಕ್ ಮಾತ್ರ ದೊರೆಯನು. ಕೆಟ್ಟುನಿಂತ ವಾಹನಕ್ಕೆ ಹಿಂದಿನಿಂದ ಬಂದ ವಾಹನಗಳು ಡಿಕ್ಕಿ ಹೊಡೆಯುವ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದಕಾರಣ, ಗಾಡಿ ನಿಂತೊಡನೆ ಎಲ್ಲರನ್ನೂ, ಮುದುಕರನ್ನೂ ಮಲಗಿರುವ ಮಕ್ಕಳನ್ನೂ ಸಹ, ಕೆಳಗಿಳಿಸಿ ರಸ್ತೆಯ ತಡೆಗೋಡೆಯ ಆಚೆಗೆ ಕರೆದೊಯ್ಯಬೇಕು. ಕೆಂಪು ತ್ರಿಕೋನವನ್ನು ಬಹಳ ಹಿಂದೆಯೇ ಇಡಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಂಖ್ಯೆಗೆ ಕರೆ ಮಾಡಬೇಕು. ಈ ವಿಷಯದಲ್ಲಿ ಸಂಕೋಚವೂ ಆಲಸ್ಯವೂ ಪ್ರಾಣಕ್ಕೆ ಮುಳುವಾಗಬಲ್ಲವು.

ಬಂಡೀಪುರದ ದಾರಿಯದು ಬೇರೆಯೇ ಸಮಸ್ಯೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಸಂಚಾರಕ್ಕೆ ನಿಷೇಧವುಂಟು. ವನ್ಯಜೀವಿಗಳ ರಕ್ಷಣೆಗಾಗಿ ವಿಧಿಸಿದ ಈ ನಿಯಮವು ಸರ್ವಥಾ ನ್ಯಾಯವಾದುದು. ಅದನ್ನು ಸಡಿಲಿಸಬೇಕೆನ್ನುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಆದರೆ ಟಯರು ಪಂಕ್ಚರಾಗಿಯೋ ಎಂಜಿನ್ ಕೆಟ್ಟೋ ತಡವಾಗಿ ಗೇಟನ್ನು ಮುಟ್ಟಿದ ಕುಟುಂಬವು ಹಸುಗೂಸಿನೊಡನೆ ಇರುಳನ್ನು ಕಳೆಯಲು, ಕಾಡಿನ ಅಂಚಿನಿಂದ ತಕ್ಕಷ್ಟು ದೂರದಲ್ಲಿ, ಗುಂಡ್ಲುಪೇಟೆಯ ಬಳಿ, ಭದ್ರವಾದ ಒಂದು ಬಯಲನ್ನು ಒದಗಿಸುವುದು ಆ ನಿಯಮಕ್ಕೆ ಪೂರಕವಾಗುವುದೇ ಹೊರತು ವಿರುದ್ಧವಾಗದು.

ದಾರಿಹೋಕನ ಯೋಗಕ್ಷೇಮವು ರಾಜ್ಯದ ಹೊಣೆಯೆಂಬ ಭಾವನೆ ನಮ್ಮ ದೇಶಕ್ಕೆ ಹೊಸತಲ್ಲ. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದನ್ನು ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಬರೆಯಿಸಿದ್ದಾನೆ. ರಾಜ್ಯಾಧಿಕಾರವೇನೂ ಇಲ್ಲದ ಸಾಲುಮರದ ತಿಮ್ಮಕ್ಕನೂ ಆಕೆಯ ಪತಿಯೂ ಕೊಡದಲ್ಲಿ ನೀರು ಹೊತ್ತು ಹುಲಿಕಲ್ ಕುದೂರು ರಸ್ತೆಗೆ ನೆರಳನ್ನು ಕೊಟ್ಟರು. ಟೋಲಿನ ಹಣವನ್ನು ಪ್ರತಿದಿನ ಎಣಿಸಿಕೊಳ್ಳುವ ವ್ಯವಸ್ಥೆಗೆ ಇಷ್ಟು ಮಾಡುವುದು ಅಸಾಧ್ಯವೇ?

ಕೇಳುವುದು ವೈಭವದ ಹೋಟೆಲುಗಳನ್ನಲ್ಲ. ಘಟ್ಟದ ತಲೆಯಲ್ಲೊಂದು ಬುಡದಲ್ಲೊಂದು ಸಮತಟ್ಟಾದ ನೆಲ, ಕುಡಿಯುವ ನೀರು, ಮುದುಕರು ಕುಳಿತೇಳಲು ಅನುಕೂಲವಾದ, ಬೀಗ ಹಾಕದ ಶೌಚಾಲಯ, ರಾತ್ರಿಯೆಲ್ಲ ಉರಿಯುವ ದೀಪ, ಅಲ್ಪ ಶುಲ್ಕಕ್ಕೆ ಡೇರೆ ಹಾಕಿ ಅಡುಗೆ ಮಾಡಿಕೊಳ್ಳಲು ಅನುಮತಿ, ಸಮೀಪದ ಮೆಕ್ಯಾನಿಕ್‌ಗಳ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಫಲಕ. ಇದರ ಆಡಳಿತವನ್ನು ಆಯಾ ಊರಿನ ಪಂಚಾಯತಿಗೂ ಸ್ತ್ರೀಶಕ್ತಿ ಸಂಘಗಳಿಗೂ ವಹಿಸಿದರೆ ಸ್ಥಳೀಯರಿಗೆ ದುಡಿಮೆಯೂ ಒದಗುವುದು. ಲೋಕೋಪಯೋಗಿ ಇಲಾಖೆಯ ಸಚಿವರೂ ಘಟ್ಟದ ಜಿಲ್ಲೆಗಳ ಶಾಸಕರೂ ಬರುವ ಆಯವ್ಯಯದಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆ ಈ ಮೂರು ದಾರಿಗಳಿಗಾದರೂ ಇದಕ್ಕೆ ಹಣವನ್ನು ಮೀಸಲಿಟ್ಟು, ಮುಂದಿನ ಬೇಸಗೆಯ ರಜೆಗೆ ಮುನ್ನ ಕೆಲಸವನ್ನು ಮುಗಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.